ರಾಮಾಂಜಿನಮ್ಮನ ಲಿವರ್ ರಿಪೋರ್ಟು

ಡಾಕ್ಟರ್ ಯಶಸ್ವಿನಿಗೆ ಬೇಕಾಗಿದ್ದದ್ದು ಅರವತ್ತು ಜನ. ಖಾಲಿ ಹೊಟ್ಟೆಯಲ್ಲಿ ಬಂದು, ಅರ್ಧ ಗಂಟೆ ಮಲಗಿ, ಹೇಳಿದಾಗ ಉಸಿರು ಹಿಡಿದುಕೊಳ್ಳುವ ಅರವತ್ತು ಜನ. ತುಮಕೂರಿನ ಕಾಲೇಜಿನಲ್ಲಿ ಕೂತು ಪ್ರಬಂಧದ ವಿಷಯ ಬರೆದುಕೊಟ್ಟಾಗ ಇದೊಂದು ಕಷ್ಟದ ಕೆಲಸ ಅಂತ ಅವಳಿಗೆ ಹೊಳೆದೇ ಇರಲಿಲ್ಲ.

ಅವಳು ಬರಗೂರಿನ ಪರ್ವತಯ್ಯನವರ ಮಗಳು. ರೇಡಿಯಾಲಜಿಯಲ್ಲಿ ಎಂ.ಡಿ. ಓದುತ್ತಿದ್ದಳು, ಕೊನೆಯ ವರ್ಷ. ಲಿವರಿನಲ್ಲಿ ಕೊಬ್ಬು ತುಂಬಿಕೊಂಡವರಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂದು ಅಲ್ಟ್ರಾಸೌಂಡ್ ಯಂತ್ರದಲ್ಲಿ ಅಳೆಯುವುದು, ನಡಿಗೆ ಪಥ್ಯ ಹೇಳಿ ಕಳಿಸಿ ಆರು ತಿಂಗಳ ನಂತರ ಮತ್ತೆ ಅಳೆಯುವುದು ಅವಳ ಅಧ್ಯಯನ. ಚೆನ್ನಾಗಿರುವ ಲಿವರಿನಿಂದ ಹೃದಯದ ಕಡೆ ಹೋಗುವ ರಕ್ತನಾಳದ ಮೇಲೆ ಯಂತ್ರದ ಹಿಡಿ ಇಟ್ಟರೆ ಪರದೆಯ ಮೇಲೆ ಏರಿಳಿಯುವ ಅಲೆ ಕಾಣುತ್ತದೆ. ಕೊಬ್ಬು ತುಂಬಿ ಬಿಗಿಯಾದ ಲಿವರಿನಲ್ಲಿ ಆ ಅಲೆ ತಗ್ಗುತ್ತಾ ಹೋಗಿ ಕೊನೆಗೆ ಚಪ್ಪಟೆಯಾಗಿಬಿಡುತ್ತದೆ.

ಮೊದಲು ಅವಳು ಶಿರಾ, ಕೊರಟಗೆರೆ, ಪಾವಗಡ, ಮಧುಗಿರಿ ನಾಲ್ಕೂ ತಾಲ್ಲೂಕಿಗೆ ಯಂತ್ರ ತೆಗೆದುಕೊಂಡು ಹೋಗಿ ಶಿಬಿರ ಮಾಡುವ ಯೋಚನೆಯಲ್ಲಿದ್ದಳು. ಆಗಲಿಲ್ಲ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ನೋಡುವವರನ್ನು ತಡೆಯಲು ಮಾಡಿದ ಕಾನೂನಿನಲ್ಲಿ ಸ್ಕ್ಯಾನಿಂಗ್ ಯಂತ್ರ ನೋಂದಣಿಯಾದ ಕೋಣೆ ಬಿಟ್ಟು ಕದಲುವಂತಿಲ್ಲ. ನಾನು ನೋಡುವುದು ಲಿವರ್ ಮಾತ್ರ ಎಂದು ಮೂರು ಅರ್ಜಿ ಬರೆದಳು. ಮೂರಕ್ಕೂ ಬಂದ ಉತ್ತರ ಒಂದೇ. ಹಾಗಾಗಿ ಮಧುಗಿರಿಯ ಒಂದು ಟ್ರಸ್ಟ್ ಆಸ್ಪತ್ರೆಯ ಕಿಟಕಿಯಿಲ್ಲದ ಕೋಣೆಯಲ್ಲಿ ವಾರಕ್ಕೆ ಮೂರು ದಿನ ಅವಳು ಕೂರಬೇಕು, ಜನ ಅಲ್ಲಿಗೆ ಬರಬೇಕು.

ಬಂದವರು ತಿಂದು ಬರುತ್ತಿದ್ದರು. ಊಟವಾದ ಮೇಲೆ ಕರುಳಿನಿಂದ ಲಿವರಿಗೆ ರಕ್ತ ಜೋರಾಗಿ ನುಗ್ಗುತ್ತದೆ, ಅಳತೆಯೆಲ್ಲ ಹಾಳು.

"ಏನೂ ತಿನ್ನಬೇಡಿ ಅಂದಿದ್ದೆನಲ್ಲ?"

"ಏನೂ ತಿಂದಿಲ್ಲ ಕಣಮ್ಮ. ಬಸ್‌ಸ್ಟ್ಯಾಂಡ್‌ನಾಗೆ ಎರಡೇ ಎರಡು ಇಡ್ಲಿ."

ಹುಲಿಕುಂಟೆಯಿಂದ ಎರಡು ಬಸ್ಸು ಬದಲಾಯಿಸಿ ಬಂದವರನ್ನು ಎರಡು ಇಡ್ಲಿಗಾಗಿ ವಾಪಸ್ಸು ಕಳಿಸಬೇಕಾಗುತ್ತಿತ್ತು. ಅವರು ಮತ್ತೆ ಬರುತ್ತಿರಲಿಲ್ಲ. ಉಸಿರು ಹಿಡಿಯಿರಿ ಅಂದರೆ ಎದೆ ಉಬ್ಬಿಸಿ, ಕಣ್ಣು ಮುಚ್ಚಿ, ನೀರಿಗೆ ಧುಮುಕುವವರ ಹಾಗೆ ಬಿಗಿದುಕೊಳ್ಳುತ್ತಿದ್ದರು. ಆಗಲೂ ಅಲೆ ಕೆಡುತ್ತಿತ್ತು. ನಡುವಯಸ್ಸಿನ ಹೆಂಗಸರು ಸ್ಕ್ಯಾನಿಂಗ್ ಅಂದ ಕೂಡಲೇ ಸೆರಗು ಎಳೆದುಕೊಂಡು, "ಈ ವಯಸ್ನಾಗೆ ನಮಗ್ಯಾಕಮ್ಮ, ನೋಡ್ದೋರು ಏನಂದ್ಕೊಂಡಾರು," ಎಂದು ಎದ್ದು ಹೋಗುತ್ತಿದ್ದರು. ನಾಲ್ಕು ತಿಂಗಳಲ್ಲಿ ಸಿಕ್ಕಿದ್ದು ಇಪ್ಪತ್ತೆರಡು ಜನ.

ಇಪ್ಪತ್ಮೂರನೆಯವಳು ರಾಮಾಂಜಿನಮ್ಮ.

ಕೊಡಿಗೇನಹಳ್ಳಿಯಿಂದ ಆಂಧ್ರದ ಗಡಿಯ ಕಡೆಗೆ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರಿನ ಸರ್ಕಾರಿ ಶಾಲೆಯಲ್ಲಿ ಆಕೆ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ನಲವತ್ತೆರಡು ವರ್ಷ, ಸಣಕಲು ಮೈ. ಅಡುಗೆಯವರು ಆಗಾಗ ಆರೋಗ್ಯ ತಪಾಸಣೆ ಮಾಡಿಸಿ ಕಾಗದ ಕೊಡಬೇಕಂತೆ; ಹಾಗೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಗೊತ್ತಾಗಿ, ಅಲ್ಲಿಯ ಡಾಕ್ಟರು ಇಲ್ಲಿಗೆ ಕಳಿಸಿದ್ದರು. ಆಕೆ ನಿಜವಾಗಿಯೂ ಖಾಲಿ ಹೊಟ್ಟೆಯಲ್ಲಿ ಬಂದಿದ್ದಳು.

"ನೀರೂ ಕುಡಿದಿಲ್ವಾ?"

"ಲೇದಮ್ಮ. ಬ್ಯಾಡ ಅಂದ್ರಲ್ಲ, ಕುಡೀಲಿಲ್ಲ."

ಹೇಳಿದ ಕ್ಷಣ ಉಸಿರನ್ನು ಅರ್ಧದಲ್ಲಿ, ಮೆತ್ತಗೆ ನಿಲ್ಲಿಸಿದಳು. ಇಷ್ಟು ಚೆನ್ನಾಗಿ ಯಾರೂ ಹಿಡಿದಿರಲಿಲ್ಲ, ಹೇಗೆ ಕಲಿತಿರಿ ಎಂದು ಯಶಸ್ವಿನಿ ಕೇಳಿದಳು.

"ನೂರು ಮಕ್ಕಳ ಸಾರಿಗೆ ಒಣಮೆಣ್ಸಿನಕಾಯಿ ಒಗ್ಗರಣೆ ಹಾಕಿ ನೋಡಿ, ನಿಮಗೂ ಬತ್ತೈತೆ," ಎಂದಳು ರಾಮಾಂಜಿನಮ್ಮ.

ಅಲೆ ಬಹಳ ತಗ್ಗಿತ್ತು. ಯಶಸ್ವಿನಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಲಿವರಿನಲ್ಲಿ ಕೊಬ್ಬು ಸೇರಿದೆ, ಸಕ್ಕರೆ ಇರುವವರಿಗೆ ಹೀಗಾಗುತ್ತದೆ, ಅನ್ನ ಕಡಿಮೆ ಮಾಡಿ ದಿನಾ ನಡೆದರೆ ಇಳಿಯುತ್ತದೆ. ಆಕೆ ತಲೆಯಾಡಿಸಿ ಕೇಳಿಸಿಕೊಂಡು, ರಿಪೋರ್ಟು ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡು ಹೋದಳು. ಅಂದು ಯಶಸ್ವಿನಿಗೆ ಕೆಲಸ ಮಾಡಿದ ತೃಪ್ತಿಯಿತ್ತು.

ಹದಿನೈದು ದಿನಕ್ಕೆ ರಾಮಾಂಜಿನಮ್ಮ ಮತ್ತೆ ಬಂದು ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು.

"ಏನಾಯ್ತು, ಹೊಟ್ಟೆನೋವಾ?"

"ನೋವೇನಿಲ್ಲ ಕಣಮ್ಮ. ನೀವು ಕೊಟ್ಟ ಕಾಗ್ದ ನನ್ನ ಕೆಲ್ಸ ತಿಂದ್ಬುಡ್ತು."

ನಡೆದದ್ದು ಇಷ್ಟು. ತಪಾಸಣೆಯ ಕಾಗದದ ಜೊತೆ ಇದನ್ನೂ ಹೆಡ್‌ಮಾಸ್ಟರ್ ತಿಪ್ಪೇಶ್ ಅವರಿಗೆ ಕೊಟ್ಟಿದ್ದಳು. ಅದರಲ್ಲಿದ್ದ ಫ್ಯಾಟಿ ಲಿವರ್ ಎಂಬ ಎರಡು ಪದವನ್ನು ಅವರು ಶಾಲೆಯ ಪೋಷಕರ ಸಮಿತಿ ಎಸ್‌ಡಿಎಂಸಿಯ ಅಧ್ಯಕ್ಷ ಮೂಡಲಗಿರಿಯಪ್ಪನಿಗೆ ಓದಿ ಹೇಳಿದರು. ಲಿವರ್ ಕೆಡುವುದು ಕುಡುಕರಿಗೆ ತಾನೇ ಎಂದು ಯಾರೋ ಅಂದರು. ರಾಮಾಂಜಿನಮ್ಮನ ಗಂಡ ಕುಡಿಯುವವನು, ಊರಿಗೆಲ್ಲ ಗೊತ್ತಿದ್ದದ್ದೇ. ಮನೆಯಲ್ಲಿ ತಂದಿಡುತ್ತಾನೆ, ಇವಳೂ ಸೇರಿಕೊಂಡಿದ್ದಾಳೆ ಎಂದು ಮಾತು ಬೆಳೆಯಿತು. ಕುಡಿಯುವ ಹೆಂಗಸಿನ ಕೈಯಲ್ಲಿ ಮಕ್ಕಳಿಗೆ ಅಡುಗೆ ಮಾಡಿಸಬಾರದೆಂದು ಇಬ್ಬರು ಪೋಷಕರು ಬರೆದುಕೊಟ್ಟರು. ತೀರ್ಮಾನ ಆಗುವವರೆಗೆ ಬರಬೇಡ ಎಂದು ಮೂಡಲಗಿರಿಯಪ್ಪ ಹೇಳಿದ.

"ನಮ್ಮೆಜಮಾನ್ರು ಕುಡಿಯಾದು ನಿಜ. ಅವ್ರ ಬಾಯಿ ವಾಸ್ನೆಗೇ ನಾನು ವಾಂತಿ ಮಾಡ್ಕತೀನಿ. ನಾನು ಕುಡೀತೀನಾ?" ಎಂದಳು ರಾಮಾಂಜಿನಮ್ಮ. "ನಾನು ಕುಡಿಯಾಕಿಲ್ಲ ಅಂತ ಒಂದು ಕಾಗ್ದ ಬರ್ಕೊಡಿ. ಸೀಲು ಹಾಕಿ ಕೊಡಿ, ಸಾಕು."

ಯಶಸ್ವಿನಿ ಲೆಟರ್‌ಹೆಡ್ ತೆಗೆದು ಹೆಸರು, ವಯಸ್ಸು ಬರೆದಳು. ಮುಂದಿನ ಸಾಲಿಗೆ ಪೆನ್ನು ನಿಂತಿತು. ಲಿವರಿನಲ್ಲಿ ಕೊಬ್ಬಿದೆ ಎಂದು ಯಂತ್ರ ಹೇಳುತ್ತದೆ, ರಕ್ತದ ವೇಗ ಇಷ್ಟು ಎಂದೂ ಹೇಳುತ್ತದೆ. ಆ ಕೊಬ್ಬು ಹೆಂಡದಿಂದ ಬಂತೋ ಅನ್ನದಿಂದ ಬಂತೋ ಅದಕ್ಕೆ ಗೊತ್ತಿಲ್ಲ. ಕುಡಿಯುವುದಿಲ್ಲ ಎಂದು ರಾಮಾಂಜಿನಮ್ಮ ಹೇಳಿದ್ದಳು, ಅವಳು ನಂಬಿದ್ದಳು. ನಂಬಿಕೆಗೆ ಸೀಲು ಹಾಕುವುದು ಹೇಗೆ?

ತುಮಕೂರಿನಲ್ಲಿದ್ದ ತನ್ನ ಗೈಡ್ ಡಾಕ್ಟರ್ ಗೌರೀಶ್ ಅವರಿಗೆ ಫೋನ್ ಮಾಡಿದಳು.

"ನೋಡದೇ ಇರೋದನ್ನ ಬರೀಬೇಡ," ಎಂದರು ಅವರು. "ಕುಡಿಯದವರಿಗೂ ಈ ಕಾಯಿಲೆ ಬರುತ್ತೆ ಅಂತ ಬರಿ. ಅದು ಸತ್ಯ."

"ಅದು ಅವರಿಗೆ ಸಾಲಲ್ಲ ಸರ್."

"ಸಾಲದಿದ್ರೆ ನಾನೇನು ಮಾಡಲಿ, ಯಶಸ್ವಿನಿ?"

ಅವಳು ಹಾಗೆಯೇ ಬರೆದಳು, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಮೂರು ದಿನದ ನಂತರ ತಿಪ್ಪೇಶ್ ಮಾಸ್ಟರೇ ಫೋನ್ ಮಾಡಿದರು. ಮನುಷ್ಯ ಕೆಟ್ಟವರಲ್ಲ, ದನಿಯಲ್ಲಿ ಸಂಕೋಚವಿತ್ತು. "ಮೇಡಂ, ಇದ್ರಲ್ಲಿ ಬರಬಹುದು ಅಂತಿದೆ. ಈಯಮ್ಮ ಕುಡಿಯಲ್ಲ ಅಂತ ಎಲ್ಲೂ ಇಲ್ವಲ್ಲ. ಅಧ್ಯಕ್ಷರು ಒಪ್ತಾ ಇಲ್ಲ."

"ನಾನೇ ಬಂದು ಹೇಳ್ತೀನಿ," ಎಂದಳು ಯಶಸ್ವಿನಿ. ರಾಮಾಂಜಿನಮ್ಮನಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದಳು. "ಇನ್ನೇನು ಉಳ್ದೈತೆ, ಬಂದು ಹೇಳಿ," ಎಂದಳು ಆಕೆ.

ಶನಿವಾರ ಬೆಳಿಗ್ಗೆ ಹಿಂದೂಪುರದ ಬಸ್ಸು ಹತ್ತಿ ಕೊಡಿಗೇನಹಳ್ಳಿಯಲ್ಲಿ ಇಳಿದು, ಅಲ್ಲಿಂದ ಆಟೋದಲ್ಲಿ ಶಾಲೆಗೆ ಹೋದಳು. ಯಂತ್ರ ತರುವಂತಿರಲಿಲ್ಲ, ಲ್ಯಾಪ್‌ಟಾಪಿನಲ್ಲಿ ಹೆಸರಿಲ್ಲದ ಚಿತ್ರಗಳನ್ನು ತಂದಿದ್ದಳು. ಏಳನೇ ತರಗತಿಯ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿ ಕೂತಿದ್ದರು. ರಾಮಾಂಜಿನಮ್ಮ ಬಾಗಿಲ ಬಳಿ ನಿಂತಿದ್ದಳು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ.

ಯಶಸ್ವಿನಿ ಅಲೆ ತೋರಿಸಿದಳು, ಚಪ್ಪಟೆ ಗೆರೆ ತೋರಿಸಿದಳು. ಸಕ್ಕರೆ, ಕೂತೇ ಮಾಡುವ ಕೆಲಸ, ಎಣ್ಣೆ, ಬೆಳ್ಳನೆ ಅನ್ನ, ಮನೆತನದಿಂದ ಬರುವುದು, ಎಲ್ಲ ಹೇಳಿದಳು. ಸಣ್ಣಗಿದ್ದವರಿಗೂ ಬರುತ್ತದೆ ಎಂದಳು. ಒಬ್ಬ ಆಕಳಿಸಿದ. ಇನ್ನೊಬ್ಬ, "ಅಂಗಾರೆ ಕುಡುಕ್ರಿಗೆ ಬರಾಕಿಲ್ವಾ?" ಎಂದ.

"ಅವರಿಗೂ ಬರುತ್ತೆ."

"ಅದ್ನೇ ನಾವೂ ಅಂದಿದ್ದು," ಎಂದು ಅವನು ಪಕ್ಕದವನ ಮುಖ ನೋಡಿದ.

ಆಗ ಮೂಡಲಗಿರಿಯಪ್ಪ ಎದ್ದು ನಿಂತ. ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ನಲವತ್ತೈದರ ಆಳು, ದೊಡ್ಡ ಹೊಟ್ಟೆ, ನಿಧಾನದ ಮಾತು. "ಮೇಡಂನೋರೆ, ನಾನು ಹುಟ್ಟಿದಾಗಿಂದ ಒಂದು ತೊಟ್ಟು ಮುಟ್ಟಿದೋನಲ್ಲ. ಊರೇ ಸಾಕ್ಷಿ. ನಂಗೂ ಸಕ್ಕರೆ ಐತೆ, ನಾನೂ ಗಿರಣೀಲಿ ಕೂತೇ ಇರ್ತೀನಿ. ನೀವು ಹೇಳಾದು ನಿಜ ಆದ್ರೆ ನನ್ನ ಲಿವರ್ರೂ ಇಂಗೇ ಇರ್ಬೇಕಲ್ವಾ?"

"ಇರಬಹುದು. ನೋಡದೆ ಹೇಳೋಕಾಗಲ್ಲ."

"ಬತ್ತೀನಿ, ನೋಡಿ. ಅದೇನ್ ಬತ್ತೈತೋ ಇದೇ ಜಾಗದಾಗೆ ಎಲ್ಲಾರ ಮುಂದೆ ಹೇಳ್ತೀನಿ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಯಶಸ್ವಿನಿಗೆ ಗೆದ್ದಷ್ಟು ಖುಷಿಯಾಗಿತ್ತು. ಆ ಹೊಟ್ಟೆ ನೋಡಿದರೆ ಅನುಮಾನವೇ ಇರಲಿಲ್ಲ. ಇನ್ನೊಬ್ಬರಿಗೆ ಕಾಯಿಲೆ ಇರಲಿ ಅಂತ ಬಯಸುತ್ತಿದ್ದೇನಲ್ಲ ಎಂದು ಒಂದು ಗಳಿಗೆ ನಾಚಿಕೆಯಾಯಿತು, ಆದರೂ ಬಯಸಿದಳು.

ಸೋಮವಾರ ಮೂಡಲಗಿರಿಯಪ್ಪ ಬಂದ. ಖಾಲಿ ಹೊಟ್ಟೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅಧ್ಯಯನಕ್ಕೆ ಸೇರುವ ಎಲ್ಲರಂತೆ ಅವನೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಅದನ್ನು ಎರಡು ಸಲ ಓದಿದ. ಮಂಚದ ಮೇಲೆ ಮಲಗಿ ಮೇಲಿನ ಫ್ಯಾನನ್ನೇ ನೋಡುತ್ತಿದ್ದ.

ಪರದೆ ಮೇಲೆ ಅವನ ಲಿವರ್ ಬೆಳ್ಳಗೆ ಹೊಳೆಯಿತು. ರಕ್ತನಾಳ ಹುಡುಕುವುದಕ್ಕೇ ಅವಳಿಗೆ ಹತ್ತು ನಿಮಿಷ ಬೇಕಾಯಿತು. ಕಡೆಗೂ ಸಿಕ್ಕಾಗ ಅಲೆಯೇ ಇರಲಿಲ್ಲ. ರೂಲರ್ ಇಟ್ಟು ಎಳೆದ ಹಾಗೆ ಗೆರೆ. ಕರುಳಿನಿಂದ ಬರುವ ರಕ್ತದ ವೇಗ ರಾಮಾಂಜಿನಮ್ಮನದಕ್ಕಿಂತಲೂ ಕಡಿಮೆ.

"ಐತಾ?" ಎಂದ.

"ಇದೆ. ಜಾಸ್ತಿನೇ ಇದೆ. ಆದ್ರೆ ಇನ್ನೂ ಇಳಿಸಬಹುದು, ಗಾಬರಿಯಾಗಬೇಡಿ."

ಅವನು ಎದ್ದು ಕೂತು ಹೊಟ್ಟೆಯ ಮೇಲಿನ ಜೆಲ್ಲನ್ನು ಒರೆಸಿಕೊಂಡ. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದ. "ಇದು ಗುಟ್ಟಾಗಿರ್ತೈತೆ ಅಂತ ಆ ಕಾಗ್ದದಾಗೆ ಬರ್ದೈತಲ್ಲ."

"ನಮ್ಮ ಕಡೆಯಿಂದ ಯಾರಿಗೂ ಗೊತ್ತಾಗಲ್ಲ. ಆದ್ರೆ ನೀವೇ ಎಲ್ಲರ ಮುಂದೆ ಹೇಳ್ತೀನಿ ಅಂದಿದ್ರಿ."

"ಊಂ, ಹೇಳ್ತೀನಿ," ಎಂದು ಅವನು ಅಂಗಿಯ ಗುಂಡಿ ಹಾಕಿಕೊಂಡ.

ನಾಲ್ಕು ದಿನ ಕಳೆಯಿತು. ಐದನೆಯ ದಿನ ರಾಮಾಂಜಿನಮ್ಮನ ಫೋನ್ ಬಂತು.

"ಅಮ್ಮ, ಅಧ್ಯಕ್ಷರು ಮೀಟಿಂಗ್ ಮಾಡಿದ್ರು. ತಮ್ಮ ಲಿವರ್ರು ನೀಟಾಗೈತೆ, ಡಾಕ್ಟ್ರಮ್ಮ ನೋಡಿ ಹೇಳಿದ್ರು ಅಂದ್ರಂತೆ. ಕುಡಿಯದೋರಿಗೆ ಬರಾಕಿಲ್ಲ ಅನ್ನಾಕೆ ಇದೇ ಸಾಕ್ಷಿ ಅಂತ ಎಲ್ಲಾರೂ ಅಂತವ್ರೆ. ನೀವು ಅಂಗಂದ್ರಾ?"

ಯಶಸ್ವಿನಿಯ ಮುಂದೆ ಕಂಪ್ಯೂಟರಿನಲ್ಲಿ ಆ ಗೆರೆ ತೆರೆದೇ ಇತ್ತು. ಬಾಯಿ ತೆರೆದಳು. ಮುಚ್ಚಿದಳು.

"ಸುಮ್ಕಾದ್ರಲ್ಲಮ್ಮ."

"ಬೇರೆಯವರ ರಿಪೋರ್ಟಿನ ಬಗ್ಗೆ ನಾನು ಮಾತಾಡೋ ಹಾಗಿಲ್ಲ ರಾಮಾಂಜಿನಮ್ಮ. ನಿಮ್ಮ ವಿಷಯಾನೂ ಹಾಗೇ, ನಿಮ್ಮನ್ನ ಕೇಳದೆ ಯಾರಿಗೂ ಹೇಳಲ್ಲ."

"ನನ್ನ ವಿಸ್ಯ ಹೇಳಾಕೇನೈತೆ. ಊರಿಗೆಲ್ಲ ಗೊತ್ತಾಗೋಗೈತೆ," ಎಂದಳು ಆಕೆ. ಆಮೇಲೆ, "ಸರಿ ಬುಡಿ," ಎಂದು ಫೋನ್ ಇಟ್ಟಳು.

ಯಶಸ್ವಿನಿ ಗೌರೀಶ್ ಅವರಿಗೆ ಫೋನ್ ಮಾಡಿ, ಹೆಸರು ಹೇಳದೆ ನಡೆದದ್ದನ್ನೆಲ್ಲ ಹೇಳಿದಳು. ಅವರು ಪೂರ್ತಿ ಕೇಳಿ, "ಬಾಯಿ ಬಿಟ್ಟೀಯ ಜೋಕೆ," ಎಂದರು. "ಅವನು ಸುಳ್ಳು ಹೇಳಬಹುದು, ಅದು ಅವನ ಹಕ್ಕು. ನೀನು ನಿಜ ಹೇಳೋ ಹಾಗಿಲ್ಲ. ನಾಳೆಯಿಂದ ಆ ತಾಲ್ಲೂಕಿನಲ್ಲಿ ಒಬ್ಬರೂ ನಿನ್ನ ಮುಂದೆ ಮಲಗಲ್ಲ." ಅವರ ಮಾತು ಸರಿಯಾಗಿತ್ತು. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು. ಕಾನೂನು, ಒಪ್ಪಿಗೆ ಪತ್ರ, ಯಂತ್ರ ಎಲ್ಲವೂ ಸರಿಯಾಗಿದ್ದವು. ತಪ್ಪಾಗಿದ್ದದ್ದು ರಾಮಾಂಜಿನಮ್ಮನ ಪಾಡು ಒಂದೇ.

ಮರುದಿನ ರಜೆ ಹಾಕಿ ಮತ್ತೆ ಆ ಊರಿಗೆ ಹೋದಳು, ನೇರ ಗಿರಣಿಗೆ. ರಾಗಿ ಬೀಸುವ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಅವಳನ್ನು ನೋಡಿದ ಮೂಡಲಗಿರಿಯಪ್ಪ ಬೆಲ್ಟು ನಿಲ್ಲಿಸಿ, ಕಾಯುತ್ತಿದ್ದ ಇಬ್ಬರು ಹೆಂಗಸರನ್ನು ಆಮೇಲೆ ಬನ್ನಿ ಎಂದು ಕಳಿಸಿ, ಹಿಟ್ಟು ಮೆತ್ತಿದ ಸ್ಟೂಲನ್ನು ಒರೆಸಿ ಇಟ್ಟ. ಅವಳು ಕೂರಲಿಲ್ಲ.

"ನಾನು ಹೇಳದೇ ಇದ್ದದ್ದನ್ನ ನನ್ನ ಹೆಸರಲ್ಲಿ ಹೇಳಿದ್ದೀರಿ."

"ತಪ್ಪೇ."

"ಅದರಿಂದ ಒಂದು ಹೆಣ್ಣುಮಗಳ ಕೆಲಸ ಹೋಗ್ತಾ ಇದೆ. ಮರ್ಯಾದೆ ಹೋಗಿದೆ."

ಅವನು ತಲೆಯೆತ್ತಲಿಲ್ಲ. "ಮೇಡಂನೋರೆ, ನಮ್ಮಪ್ಪ ಕುಡ್ದೇ ಸತ್ತ. ಹೊಟ್ಟೆ ನೀರು ತುಂಬ್ಕೊಂಡು, ಕಣ್ಣೆಲ್ಲ ಅರಿಶಿಣ ಆಗಿ. ನಾನಾಗ ಐದ್ನೇ ಕ್ಲಾಸು. ಕುಡುಕನ ಮಗ ಅಂತ ಇದೇ ಇಸ್ಕೂಲ್ನಾಗೆ ಕರೆಯೋರು. ಆ ಹೆಸರು ತೊಳೀಬೇಕು ಅಂತ್ಲೇ ಮದ್ವೆ ಮನೇಲಿ ಸೋಡಾನೂ ಮುಟ್ಲಿಲ್ಲ ನಾನು. ಈಗ ನಂಗೂ ಲಿವರ್ ಅಂದ್ರೆ ಜನ ಏನಂತಾರೆ? ಒಳಗೊಳಗೇ ಕುಡೀತಿದ್ದ, ಅಪ್ಪನ ಬುದ್ದಿ ಎಲ್ಲೋಯ್ತದೆ ಅಂತಾರೆ. ನಿಮ್ಮ ಕಾಗ್ದ ತೋರಿಸಿದ್ರೂ ಅಷ್ಟೇ. ಆವಮ್ಮನ ಕಾಗ್ದ ನಂಬಿದ್ರಾ?"

"ನಂಬದೇ ಇದ್ದವರಲ್ಲಿ ನೀವೇ ಮೊದಲು."

ಯಶಸ್ವಿನಿಗೆ ಬೈಯಬೇಕೆನಿಸಿತು, ಬೈಯಲು ಬಂದವಳೇ ಅವಳು. ಐದನೇ ಕ್ಲಾಸಿನ ಮಗುವಿನ ಮಾತು ನಡುವೆ ಬಂದು ಬೈಯಲಾಗಲಿಲ್ಲ. "ನಿಮ್ಮ ಗುಟ್ಟು ನನ್ನಿಂದ ಹೊರಗೆ ಬರಲ್ಲ," ಎಂದಳು. "ಆದ್ರೆ ಕುಡಿಯದವರಿಗೂ ಇದು ಬರುತ್ತೆ ಅಂತ ನಿಮಗೀಗ ಗೊತ್ತು. ಈ ಊರಲ್ಲಿ ಅದು ಖಂಡಿತವಾಗಿ ಗೊತ್ತಿರೋದು ನಿಮಗೊಬ್ಬರಿಗೇ. ಏನು ಮಾಡ್ತೀರೋ ಮಾಡಿ."

ಆಟೋ ಸಿಗಲಿಲ್ಲ. ಕೊಡಿಗೇನಹಳ್ಳಿಯವರೆಗೂ ಬಿಸಿಲಲ್ಲಿ ನಡೆದಳು.

ಮೂರು ವಾರದ ನಂತರ ರಾಮಾಂಜಿನಮ್ಮನನ್ನು ವಾಪಸ್ಸು ಕರೆದರು ಎಂದು ತಿಪ್ಪೇಶ್ ಮಾಸ್ಟರು ಫೋನ್ ಮಾಡಿದರು. ಹೊಸಬಳ ಸಾರು ಮಕ್ಕಳು ಉಣ್ಣುತ್ತಿಲ್ಲ, ಅನ್ನ ಚೆಲ್ಲುತ್ತಿದ್ದಾರೆ, ಹಳಬಳನ್ನೇ ಕರೆಯಿರಿ ಎಂದು ಅಧ್ಯಕ್ಷರು ಹೇಳಿದರಂತೆ.

"ಕುಡಿತದ ಮಾತು?"

"ಅದರ ಬಗ್ಗೆ ಏನೂ ಅನ್ನಲಿಲ್ಲ ಮೇಡಂ. ಇನ್ಮೇಲೆ ಹುಷಾರಾಗಿರು ಅಂತ ಆಕೆಗೆ ಒಂದು ಮಾತು ಹೇಳಿದ್ರು, ಅಷ್ಟೇ."

ಹುಷಾರಾಗಿರು ಎಂಬ ಮಾತನ್ನು ಯಶಸ್ವಿನಿ ಬಹಳ ದಿನ ಮನಸ್ಸಿನಲ್ಲಿ ಅಗಿದಳು. ಕೆಲಸ ಸಿಕ್ಕಿತು, ಹೆಸರು ಸಿಗಲಿಲ್ಲ. ಅಂದಿನಿಂದ ಅವಳು ಯಾರಿಗೂ ಇಂಗ್ಲಿಷ್ ರಿಪೋರ್ಟನ್ನು ಹಾಗೇ ಕೊಡಲಿಲ್ಲ. ಜೊತೆಗೆ ಬಂದವರನ್ನೂ, ಕಾಯಿಲೆಯವರು ಒಪ್ಪಿದರೆ, ಒಳಗೆ ಕರೆದು ಕೂರಿಸಿ ಹೇಳುತ್ತಿದ್ದಳು. ಅರ್ಧ ಜನ ನಂಬುತ್ತಿದ್ದರು. ಉಳಿದವರು, "ಆಗ್ಲಿ ಮೇಡಂ," ಎಂದು ನಕ್ಕು ಹೋಗುತ್ತಿದ್ದರು. ಹೇಗೋ ಅರವತ್ತು ತುಂಬಿತು.

ಆರು ತಿಂಗಳ ಎರಡನೇ ಅಳತೆಗೆ ಮೂಡಲಗಿರಿಯಪ್ಪ ಹೇಳಿದ ದಿನಕ್ಕೆ, ಹೇಳಿದ ಹೊತ್ತಿಗೆ ಬಂದ. ಒಂಬತ್ತು ಕಿಲೋ ಇಳಿದಿದ್ದ. ಚಪ್ಪಟೆ ಗೆರೆಯಲ್ಲಿ ಸಣ್ಣಗೆ ಅಲೆ ಏಳುತ್ತಿತ್ತು. ಅವಳು ತೋರಿಸಿದಳು, ಅವನು ಕೈ ಮುಗಿದ.

ರಾಮಾಂಜಿನಮ್ಮ ಬರಲಿಲ್ಲ. ಯಶಸ್ವಿನಿ ಮೂರು ಸಲ ಫೋನ್ ಮಾಡಿದಳು. ನಾಲ್ಕನೆಯ ಸಲ ಎತ್ತಿದಳು. ಹಿಂದೆ ಪಾತ್ರೆಗಳ ಸದ್ದು, ಮಕ್ಕಳ ಗಲಾಟೆ.

"ಬರಾಕಿಲ್ಲ ಕಣಮ್ಮ. ನಿಮ್ಮ ಮ್ಯಾಲೆ ಕ್ವಾಪ ಇಲ್ಲ. ಇನ್ನೊಂದು ಕಾಗ್ದ ನಂಗೆ ಬ್ಯಾಡ."

"ಕಾಗದ ಕೊಡಲ್ಲ. ನೋಡಿ ನಿಮಗೆ ಮಾತ್ರ ಹೇಳ್ತೀನಿ. ಇಳಿದಿದೆಯೋ ಇಲ್ವೋ ಗೊತ್ತಾಗಬೇಕಲ್ಲ ನಿಮಗೆ?"

"ಅನ್ನ ಕಮ್ಮಿ ಮಾಡೀನಿ. ನಡೀತಾನೂ ಇವ್ನಿ, ಕೆರೆ ಏರಿ ಮ್ಯಾಲೆ. ಅಧ್ಯಕ್ಷರೂ ದಿನಾ ಅಲ್ಲೇ ನಡೀತಾರೆ. ಆವಯ್ಯ ಯಾಕ್ ನಡೀತಾನೆ ಅಂತ ನಂಗೆ ಗೊತ್ತು. ನೀವು ಹೇಳ್ಲಿಲ್ಲ, ಸುಮ್ಕಾದ್ರಲ್ಲ ಅವತ್ತು, ಅವಾಗ್ಲೇ ಗೊತ್ತಾಯ್ತು. ಎದುರಿಗೆ ಸಿಕ್ಕಿದ್ರೆ ತಲೆ ಬಗ್ಗಿಸ್ಕೊಂಡು ಹೋಗ್ತಾನೆ. ನಾನು ಒಬ್ಬರ ತಾವೂ ಬಾಯಿ ಬುಟ್ಟಿಲ್ಲ."

"ಯಾಕೆ ಬಾಯಿ ಬಿಡಲಿಲ್ಲ?" ಎಂದಳು ಯಶಸ್ವಿನಿ.

"ಊರು ಬಾಯಿಗೆ ಬಿದ್ರೆ ಏನಾಯ್ತದೆ ಅಂತ ನಾನು ಕಂಡಿವ್ನಲ್ಲಮ್ಮ. ಸಾರು ಉಕ್ತಾ ಐತೆ, ಇಡ್ತೀನಿ. ನನ್ನ ಹೆಸರು ನಿಮ್ಮ ಪುಸ್ತಕದಿಂದ ತೆಗ್ದಾಕ್ಬುಡಿ."

ತೆಗೆಯಿರಿ ಎಂದು ಕೇಳುವ ಹಕ್ಕು ಆಕೆಗಿತ್ತು. ಯಶಸ್ವಿನಿ ಕಂಪ್ಯೂಟರಿನಲ್ಲಿ ಇಪ್ಪತ್ಮೂರನೇ ಸಾಲನ್ನು ತೆರೆದಳು. ಆ ಅಧ್ಯಯನದಲ್ಲೇ ಎಲ್ಲಕ್ಕಿಂತ ಸ್ವಚ್ಛವಾಗಿ ಸಿಕ್ಕಿದ್ದ ಅಳತೆ ಅದು. ಅಳಿಸುವ ಮೊದಲು ಕಾರಣ ತುಂಬಬೇಕಿತ್ತು. ನಾಲ್ಕು ಆಯ್ಕೆಗಳಿದ್ದವು: ತೀರಿಹೋದರು, ಊರು ಬಿಟ್ಟರು, ಸಂಪರ್ಕಕ್ಕೆ ಸಿಗಲಿಲ್ಲ, ಇಷ್ಟವಿಲ್ಲ. ಅವಳು ನಾಲ್ಕನ್ನೂ ಎರಡು ಮೂರು ಸಲ ಓದಿದಳು. ಕೊನೆಗೆ ಇಷ್ಟವಿಲ್ಲ ಎಂಬುದನ್ನು ಒತ್ತಿ, ಗೌರೀಶ್ ಅವರಿಗೆ ಐವತ್ತೊಂಬತ್ತು ಎಂದು ಬರೆದು ಕಳಿಸಿದಳು.